ಸಫೇತ

ಫಾಹಾಹೀಲಿನ ಮೀನುಮಾರುಕಟ್ಟೆಗೆ ಬೆನ್ನು ಹಾಕಿ ನಿಂತ
ನಮ್ಮ ಔಷಧಿಯಂಗಡಿ. ಮೇ ತಿಂಗಳ ಕೊನೆ.
ರಾತ್ರಿ ಒಂಬತ್ತಕ್ಕೂ ಗಾಜಿನ ಬಾಗಿಲು ಮುಟ್ಟಿದರೆ
ಜ್ವರದ ಮಗುವಿನ ಹೊಟ್ಟೆಯ ಹಾಗೆ.

ಮೂರು ಸಲ ಒಳಬಂದು ಮೂರು ಸಲ ಹೊರಟುಹೋದವನು
ನಾನು ಫೋನಿನಲ್ಲಿ ಕನ್ನಡ ಆಡಿದ್ದು ಕೇಳಿಸಿಕೊಂಡು
ಕೌಂಟರಿಗೆ ಬಂದ. ಶೀನ ಗಾಣಿಗ,
ಹೆಮ್ಮಾಡಿಯ ಕಡೆಯವನು,
ಕುವೈತಿನ ರಸ್ತೆಗಳಿಗೆ ಬಿಳಿ ಗೆರೆ ಎಳೆಯುವ ಕೆಲಸ.
ಕೆನ್ನೆಯ ಮೇಲೆ ಎರಡು ರೂಪಾಯಿ ಅಗಲದ ಕಂದು ಕಲೆ.
ಹೆದರಬೇಡ ಎಂದಿದ್ದಾರಂತೆ ಕಂಪನಿಯ ಡಾಕ್ಟರು.
ಚೀಟಿಯಲ್ಲಿ ಒಂದೇ ಪದ: ಸನ್‌ಸ್ಕ್ರೀನ್.
"ಯಾವ್ದ್ ಅಂತ ಬರೀಲಿಲ್ಲ, ಅಕ್ಕ."

ಎರಡು ಟ್ಯೂಬು ತೆಗೆದಿಟ್ಟು ಪಾಠ ಒಪ್ಪಿಸಿದೆ.
ಇದು ಖನಿಜದ್ದು, ಸತುವಿನ ಪುಡಿ.
ಚರ್ಮದ ಮೇಲೇ ಕೂತು, ಬಿಸಿಲನ್ನು
ಬಾಗಿಲಿಂದಲೇ ವಾಪಸು ಕಳಿಸುತ್ತದೆ ಎಂದು ಕಾಲೇಜಿನಲ್ಲಿ ಕಲಿಸಿದರು.
ಆಮೇಲೆ ಓದಿದೆ, ಅದೂ ಬಹುಪಾಲು ನುಂಗಿಕೊಳ್ಳುವುದೇ ಅಂತೆ.
(ಇಲ್ಲಿಗೆ ಬಂದ ಮೇಲೆ ನುಂಗಿಕೊಳ್ಳದವರು ಯಾರು?
ಈ ಮಾತು ಅವನಿಗೆ ಹೇಳಲಿಲ್ಲ.)

ಇನ್ನೊಂದು ರಾಸಾಯನಿಕ. ಹಚ್ಚಿದರೆ ಇಳಿಯಿತು, ಕಾಣುವುದಿಲ್ಲ.
ಬಿಸಿಲು ಕುಡಿದು ಕಾವಾಗಿ ಬಿಡುತ್ತದೆ.
ಹಚ್ಚಿ ಇಪ್ಪತ್ತು ನಿಮಿಷ ಕಾಯಬೇಕು,
ಬೆವರಿನ ಜೊತೆ ಕಣ್ಣಿಗೆ ಹೋದರೆ ಉರಿ.
ಯಾವುದಾದರೂ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

"ಎರಡ್ ಗಂಟೆಗೊಮ್ಮೆ" ಎಂದು ಅವನು ಮೆಲ್ಲಗೆ ಹೇಳಿಕೊಂಡ,
ಚಿನ್ನದಂಗಡಿಯಲ್ಲಿ ದರ ಕೇಳಿದವನಂತೆ.
ನಾಲ್ಕಕ್ಕೆ ಬಸ್ಸು. ಹೊತ್ತೇರುವ ಮುಂಚೆ ನಾಲ್ಕು ಕಿಲೋಮೀಟರ್ ಗೆರೆ.
ಕುದಿಯುವ ಬಣ್ಣದ ಗಾಡಿ ತಳ್ಳುವಾಗ
ಮೂಗು ತುರಿಸಿದರೂ ತುರಿಸಿಕೊಳ್ಳುವಂತಿಲ್ಲ.

ಖನಿಜಕ್ಕೆ ಐದೂಕಾಲು ದಿನಾರ್, ರಾಸಾಯನಿಕಕ್ಕೆ ಎರಡೂವರೆ.
ಅವನ ಕಣ್ಣು ಕೆಳಗಿನ ಕಪಾಟಿಗೆ ಇಳಿಯಿತು:
ಕೂಸುಗಳ ತೊಡೆಸಂದಿನ ಮುಲಾಮು, ಮುನ್ನೂರು ಫಿಲ್ಸ್.
ಇದರಲ್ಲೂ ಅದೇ ಸತುವಲ್ಲವಾ?
ಅದೇ. ಆದರೆ ಬಿಸಿಲಿಗೆಂದು ಅಳೆದು ನೋಡಿದ್ದಲ್ಲ, ಎಂದೆ.
ಅಳೆಯುವುದಕ್ಕೆ ಇಷ್ಟು ದುಡ್ಡೇ ಎಂದು ಅವನು ಕೇಳಲಿಲ್ಲ.
ಕೇಳಿದ್ದರೆ ನನ್ನ ಬಳಿಯೂ ಉತ್ತರವಿರಲಿಲ್ಲ.

ಮಾದರಿಯ ಟ್ಯೂಬಿನಿಂದ ಅವನ ಮುಂಗೈಗೆ
ಕಡಲೆಕಾಳಿನಷ್ಟು ಖನಿಜ ಹಿಂಡಿದೆ.
ತಿಕ್ಕಿದ. ಹೋಗಲಿಲ್ಲ.
ನಮ್ಮ ಬಣ್ಣದ ಮೇಲೆ ಅದು ಹೀಗೇ, ಬೂದಿ ಬಡಿದ ಹಾಗೆ.
ಕ್ಷಮೆ ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ
ಅವನು ಎರಡು ಬೆರಳ ನಡುವೆ ಹೊಸಕಿ ನೋಡಿ, ಮೂಸಿ,
ಅಂಗಡಿಯೆಲ್ಲ ತಿರುಗಿ ನೋಡುವಂತೆ ನಕ್ಕ:
"ಹ್ವಾಯ್, ಇದ್ ಸಫೇತ ಅಲ್ದಾ!"

ಆರು ತಿರುಗಾಟ ಮೇಳದಲ್ಲಿದ್ದನಂತೆ, ಸ್ತ್ರೀವೇಷ.
ಚೌಕಿಯಲ್ಲಿ ಚಕ್ಕಳಮಕ್ಕಳ ಕೂತು,
ಅಂಗೈಯಲ್ಲಿ ಎಣ್ಣೆ, ಎಣ್ಣೆಗೆ ಬಿಳಿ,
ಕಿವಿಯ ಹಿಂದಿನ ತನಕ.
ನಡುರಾತ್ರಿ ದಾಟಿ ಬೆವರು ಹರಿದಾಗ
ಕನ್ನಡಿ ನೋಡಿದರೆ ಸಾಕು:
ಬಣ್ಣ ಎಲ್ಲಿ ಹೋಗಿದೆಯೆಂದು ಬಣ್ಣವೇ ಹೇಳುತ್ತಿತ್ತು,
ಅಲ್ಲಿಗೊಂದು ಬೆರಳು.
"ಕಾಣ್ದೇ ಇದ್ರೆ ಹೋದ್ದ್ ಗೊತ್ತಾಪ್ದ್ ಹ್ಯಾಂಗೆ, ಅಕ್ಕ?"

ಫೋರ್‌ಮನ್ ನಗುತ್ತಾನೆ, ಎಂದೆ.
"ನಗಾಡ್ಲಿ. ಮೊದ್ಲ್ ಟಿಕೇಟ್ ತೆಗ್ದ್ ಕಾಂತಿದ್ರ್."

ನಾನು ಹಚ್ಚುವುದು ಕಾಣದ್ದನ್ನು.
ಹನ್ನೊಂದು ವರ್ಷ, ದಿನಾ ಮಂಗಾಫಿನಲ್ಲಿ ಬಸ್ಸಿಗೆ ಮುಂಚೆ.
ಎಲ್ಲೆಲ್ಲಿ ಅಳಿಸಿದೆಯೋ, ಯಾವಾಗಿನಿಂದಲೋ,
ಸ್ಕಾರ್ಫಿನ ಅಂಚು ಕೆನ್ನೆಗೆ ತಾಗುವಲ್ಲಿ
ಸುಮ್ಮನೆ ಒಮ್ಮೆ ಮುಟ್ಟಿ ನೋಡಿಕೊಂಡೆ.

ಐದರದೊಂದು ನೋಟು, ಕಾಲಿನದೊಂದು,
ಎರಡನ್ನೂ ನೀವಿ ನೀವಿ ನೇರ ಮಾಡಿ ಕೊಟ್ಟ.
ಬಾಗಿಲು ಅರ್ಧ ತೆರೆದು, ಹೊರಗಿನ ಕಾವು ಒಳಗೆ ನುಗ್ಗುತ್ತಿರುವಾಗ
ಅಲ್ಲಿಂದಲೇ ಕೇಳಿದ:
"ತೆಗೂಕೆ ತೆಂಗಿನೆಣ್ಣಿ ಸಾಕಲ್ದಾ?"

ಸಾಕು, ಎಂದೆ.