ಮಂಟಪ ಎಷ್ಟು ಕಾಣ್ತಿದೆ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಕನ್ನಡಕದಂಗಡಿಯ ಮೇಲೆ ನನ್ನ ಕೋಣೆ.
ಬರ್ಮಪ್ಪ ಮೊದಲ ಸಲ ಬಂದಾಗ
ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಮನಸ್ಸು ಬಿಚ್ಚಿ ಮಾತಾಡಿ.
ಆತ ತನ್ನ ಅಂಗಿಯ ಗುಂಡಿ ನೋಡಿಕೊಂಡ.
"ಎಲ್ಲಿಂದ ಬಿಚ್ಚಬೇಕು, ಮೇಡಂ?"
ತಮಾಷೆ ಅಂದುಕೊಂಡು ನಕ್ಕೆ.
ತಮಾಷೆ ಆಗಿರಲಿಲ್ಲ.

ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಕೆಲಸ.
ಮೂಟೆ ಎತ್ತಿದರೆ ಸಾಕು, ತೂಕ ಹೇಳುತ್ತಾನೆ,
ತಕ್ಕಡಿ ಆಮೇಲೆ ಒಪ್ಪಿಕೊಳ್ಳುತ್ತದೆ.
ಮೊಂಡ, ಮೂಗ, ಸೊಕ್ಕಿನವ,
ಮೂವತ್ತೆರಡು ವರ್ಷ ಊರು ಕರೆದದ್ದು ಹೀಗೆ.
ದೊಡ್ಡಾಸ್ಪತ್ರೆಯವರು ಈಚೆಗೆ ಕೊಟ್ಟ ಹೆಸರು ಆಟಿಸಂ.
ಆ ಕಾಗದ ರಸೀದಿಯ ಹಾಗೆ
ನಾಲ್ಕು ಮಡಿಕೆಯಾಗಿ ಜೇಬಲ್ಲಿತ್ತು.

ನನ್ನ ಪಟ್ಟಿಯಲ್ಲಿತ್ತು: ಒಂದರಿಂದ ಹತ್ತರೊಳಗೆ
ಸಂಕಟ ಎಷ್ಟು?
"ಸೊನ್ನೆ ಎಲ್ಲಿಟ್ಟಿದ್ದೀರಿ?" ಎಂದ.
"ಸೊನ್ನೆ ಗೊತ್ತಿಲ್ದೆ ಹೇಗೆ ಅಳೆಯೋದು?"
ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ನನಗೂ ಗೊತ್ತಿರಲಿಲ್ಲ.

ಟ್ಯೂಬ್‌ಲೈಟು ಗುಂಯ್‌ಗುಡುತ್ತದೆ ಎಂದೂ
ಅವನಿಂದಲೇ ತಿಳಿದದ್ದು.
ಅದರ ಕೆಳಗೆ ಕೂತು ಎಷ್ಟೆಲ್ಲ ಕೇಳಿದ್ದೇನೆ,
ಅದೊಂದನ್ನು ಬಿಟ್ಟು.
ಆರಿಸಿದೆ. ಗಡಿಯಾರದ ಸೆಲ್ಲು ಕಿತ್ತೆ.
ಎದುರುಬದುರಿದ್ದ ಕುರ್ಚಿಗಳನ್ನು
ಕಿಟಕಿಗೆ ಮುಖಮಾಡಿ ಪಕ್ಕಪಕ್ಕ ಇಟ್ಟೆ,
ಬಸ್ಸಿನ ಸೀಟಿನಂತೆ.
ಬಸ್ಸಲ್ಲಿ ಯಾರೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಿಲ್ಲ,
ಆದರೂ ಆಯನೂರು ದಾಟುವಷ್ಟರಲ್ಲಿ
ಮಗಳ ಮದುವೆ ಮುರಿದದ್ದನ್ನೂ ಹೇಳಿ
ಇಳಿದು ಹೋಗುತ್ತಾರೆ.

ಕಣ್ಣು ತಪ್ಪಿಸುವುದು ಪ್ರತಿರೋಧ, ಬರೆದುಕೊಳ್ಳಿ,
ಎಂದಿದ್ದರು ನನಗೆ ಕಲಿಸಿದವರು.
ಆ ನೋಟ್ಸು ಇನ್ನೂ ಬೀರುವಿನಲ್ಲಿದೆ.
ಅಡಿಗೆರೆ ಎಳೆದಿದ್ದೇನೆ, ಎರಡು.

ಜೂನಿನಲ್ಲಿ ತಪ್ಪಿದೆ.
ಮಂಗಳವಾರ ನಾಲ್ಕನ್ನು ಬುಧವಾರ ಐದು ಮಾಡಿ
ಹಿಂದಿನ ರಾತ್ರಿ ಮೆಸೇಜು ಹಾಕಿದೆ,
ಕೈಮುಗಿಯುವ ಚಿತ್ರ ಸೇರಿಸಿ.
ಮೂರು ವಾರ ಕುರ್ಚಿ ಖಾಲಿ.
ಬಂದವನು ಹೊಸ್ತಿಲಲ್ಲೇ ನಿಂತ,
ಅಂಗಿಯ ಅಂಚು ಮಡಿಸುತ್ತ, ಬಿಡಿಸುತ್ತ, ಮಡಿಸುತ್ತ.
ಹೊಟ್ಟೆಗೆ ಹಾಕ್ಕೊಳ್ಳಿ ಅನ್ನುವುದು ಬಾಯಿಗೆ ಬಂತು,
ನಾನೇ ಹಾಕಿಕೊಂಡೆ.
"ಹೇಳದೆ ದಿನ ಬದಲಿಸಿದ್ದು ತಪ್ಪು.
ಇನ್ನು ಬದಲಿಸೋದಾದ್ರೆ
ಒಂದು ವಾರ ಮೊದಲು, ಕಾಗದದಲ್ಲಿ ಬರೆದು ಕೊಡ್ತೇನೆ."
"ಸರಿ," ಎಂದ. ಕೂತ.

ಸೊನ್ನೆಯನ್ನು ಕೊನೆಗೆ ಅವನೇ ತಂದ.
ಜುಲೈ. ಸೇತುವೆಯ ಮೇಲೆ ಊರಿಗೆ ಊರೇ ನೆರೆದಿತ್ತು,
ಕೋರ್ಪಲಯ್ಯನ ಛತ್ರದ ಮಂಟಪ ಮುಳುಗುವುದನ್ನು ನೋಡಲು.
"ಮೀಟರು ಅಡಿ ಯಾರಿಗೂ ಬೇಡ ಮೇಡಂ,
ಮಂಟಪ ಮುಳುಗ್ತಾ ಅಂದ್ರೆ
ಹೊಳೆ ಎಷ್ಟಿದೆ ಅಂತ ಎಲ್ರಿಗೂ ಗೊತ್ತಾಗತ್ತೆ.
ನಂಗೂ ಹಾಗೆ ಕೇಳಿ."

ಹಾಗೇ ಕೇಳುತ್ತೇನೆ.
ಕಂಬದ ಬುಡಕ್ಕೆ ನೀರು ಅಂದರೆ
ಆಫೀಸಿನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದ್ದಾರೆ.
ಅರ್ಧ ಕಂಬ: ಅಕ್ಕನ ಮಗುವಿನ ನಾಮಕರಣ, ಮೈಕು,
ಅಗರಬತ್ತಿ, ಎಲ್ಲರೂ ಕೆನ್ನೆ ಹಿಂಡಿದರು.
ಚಾವಣಿ ಮಾತ್ರ ಕಾಣುವ ದಿನ ಮಾತಿಲ್ಲ.
ಆತ ಹಳೆಯ ಪಾರ್ಸೆಲ್ ಚೀಟಿಗಳನ್ನು
ನಂಬರಿನ ಪ್ರಕಾರ ಜೋಡಿಸುತ್ತಾನೆ,
ನಾನು ಪಕ್ಕದಲ್ಲಿರುತ್ತೇನೆ.
ಅಂಥ ಒಂದು ದಿನ ಫೀಸು ಬೇಡವೆಂದೆ.
"ಕೂತಿದ್ರಲ್ಲ," ಎಂದು ಎಣಿಸಿ ಇಟ್ಟ.

ಕಳೆದ ಮಂಗಳವಾರ, ನಾಲ್ಕಕ್ಕೆ,
ಕಿಟಕಿ ನೋಡುತ್ತಲೇ ಕೇಳಿದ:
"ನಿಮ್ದು ಎಷ್ಟು ಕಾಣ್ತಿದೆ?"
ಅಮ್ಮನ ಸ್ಕ್ಯಾನಿನ ವಿಷಯ ಯಾರಿಗೂ ಹೇಳಿರಲಿಲ್ಲ.
ಚೆನ್ನಾಗಿದೀನಿ ಅನ್ನಲು ಬಾಯಿ ತೆರೆದೆ;
ಈ ಕುರ್ಚಿಗಳಲ್ಲಿ ಅದು ಉತ್ತರವಲ್ಲ.
"ಅರ್ಧ ಕಂಬ," ಎಂದೆ.
ಆತ ತಲೆಯಾಡಿಸಿ
ತನ್ನ ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿದ,
ಅಂಥ ದಿನ ತನಗೆಷ್ಟು ಜಾಗ ಬೇಕೋ
ಅಷ್ಟನ್ನೇ ನನಗೂ ಬಿಟ್ಟು.