ಗಡಸು ನೀರು

ನಂದಿಬೆಟ್ಟದ ಬೆನ್ನ ಕಡೆಯ ಪೊದೆಯಿಂದ
ಕಿರುಬೆರಳುದ್ದ ಮಂಜಿಷ್ಠದ ಕಾಂಡ
ಒಂದೇ ಒಂದು ಸಲ ತಂದದ್ದು, ನಾಲ್ಕು ವರ್ಷದ ಕೆಳಗೆ.
ಬಳ್ಳಿ ಅಲ್ಲೇ ಇದೆ, ಬೇರು ಮಣ್ಣಲ್ಲೇ.
ಅದಕ್ಕೇನು ಗೊತ್ತು, ತನ್ನದೊಂದು ಚೂರು
ಶಿಡ್ಲಘಟ್ಟದ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ,
ಧೂಳಿಗೆ ಹೆದರಿ ಹಾಕಿಸಿದ ಎರಡೆರಡು ಬಾಗಿಲ ಹಿಂದೆ
ಇನ್ನೂ ಬೆಳೆಯುತ್ತಿದೆಯೆಂದು.

ಬೆಳೆಯುತ್ತದೆ ಅಂದರೆ
ಎಲೆಯಿಲ್ಲ, ಹೂವಿಲ್ಲ, ಹಬ್ಬಲು ಬೇಲಿ ಬೇಡ.
ಮೊದಲು ಅಗರಿನ ಮೇಲೆ ಕೂತಿತ್ತು
ಹೆಸರಿಟ್ಟು ಕರೆಯಲಾಗದ ಒಂದು ಮುದ್ದೆ.
ಆಮೇಲೆ ಸಕ್ಕರೆ ನೀರಿಗೆ ಬಿಟ್ಟು, ಕತ್ತಲಲ್ಲಿಟ್ಟು
ನಿಮಿಷಕ್ಕೆ ನೂರಾ ಹತ್ತು ಸಲ ತೂಗಿದೆವು.
ಯಾವ ತಾಯಿ ಹಾಗೆ ತೂಗಿಯಾಳು?

ಪಕ್ಕದ ಅರೆಯಲ್ಲಿ ಬೀಟ್‌ರೂಟಿನ ಕೂದಲುಬೇರು,
ಅದರ ಗುಲಾಬಿ ಐಸ್‌ಕ್ರೀಮಿಗಂತೆ.
ಕಪ್ಪು ಕ್ಯಾರೆಟ್ಟಿನ ನೇರಳೆ ಮಕ್ಕಳ ಕೆಮ್ಮಿನ ಸಿರಪ್ಪಿಗೆ.
ಅವನ್ನು ಕೇಳಿಕೊಂಡು ಕಾರಿನಲ್ಲಿ ಜನ ಬರುತ್ತಾರೆ.
ನನ್ನ ಕೆಂಪನ್ನು ಯಾರೂ ಕೇಳಿರಲಿಲ್ಲ.

"ಮುಬೀನಾ, ಸುಖವಾಗಿದ್ದರೆ ಇವು ಬಣ್ಣ ಕಟ್ಟೋದಿಲ್ಲ,
ಸ್ವಲ್ಪ ಹೆದರಿಸಬೇಕು" ಎಂದರು ವನಜಾಕ್ಷಿ ಮೇಡಂ.
ಹಾಕಿದ್ದು, ಕುದಿಸಿ ಕೊಂದ ಬೂಷ್ಟಿನ ಎರಡು ಹನಿ.
ಸತ್ತ ಶತ್ರುವಿನ ವಾಸನೆಗೇ ಬೆದರಿ
ಒಂಬತ್ತನೆಯ ದಿನ ಬುರುಡೆಯ ತುಂಬ
ಕಾವಿಗೂ ಕೆಂಪಿಗೂ ನಡುವಿನ ಏನೋ ಒಂದು.

ಅಬ್ಬ ನಕ್ಕಿದ್ದ.
"ಒಂದು ಚಾ ಲೋಟ ಕೆಂಪಿಗೆ ಒಂಬತ್ತು ದಿನಾನಾ?"
ಮೂವತ್ತೇಳು ವರ್ಷ ರೇಷ್ಮೆ ಲಡಿ ಅದ್ದಿದ ಬುಡೇನ್ ಸಾಬ್,
ಡಬ್ಬದ ಪುಡಿ, ಕುದಿಯುವ ಕೊಪ್ಪರಿಗೆ, ಬರಿಗೈ.
ಅಕ್ಕನ ನಿಕಾಹ್ ದಿನ ಅತ್ತರು ಹಚ್ಚಿ ನಿಂತರೂ
ಮೊಣಕೈವರೆಗೆ ಗಿಳಿಹಸಿರು.
ಈಗ ಬೆರಳ ಸಂದಿಗಳು ಒಡೆದು ನೀರು ಸುರಿಯುತ್ತವೆ,
ಉಪ್ಪಿನಕಾಯಿ ಮುಟ್ಟಲಾರ.

ಪ್ರಯೋಗಶಾಲೆಯಲ್ಲಿ, ಬಟ್ಟಿ ಇಳಿಸಿದ ನೀರಿನಲ್ಲಿ
ಮೊದಲ ಲಡಿ ಅದ್ದಿದೆವು.
ಮಳೆಗೆ ನೆನೆದ ಹಳೇ ಇಟ್ಟಿಗೆಯಂತೆ ಎದ್ದು ಬಂತು.
ಎರಡು ಸಲ ತೊಳೆದರೆ ಅದೂ ಹೋಯಿತು.
"ನಮ್ಮ ಬಣ್ಣ ಬಯಲಾಯ್ತು" ಎಂದರು ಮೇಡಂ.
ಯಾರೂ ನಗಲಿಲ್ಲ.

ಉಳಿದದ್ದನ್ನು ಹಾಲಿನ ಕ್ಯಾನಿನಲ್ಲಿ ಮನೆಗೆ ತಂದೆ.
ಜೊತೆಗೆ ಒಂದು ಕ್ಯಾನು ಬಟ್ಟಿ ನೀರು.
ಅಬ್ಬ ಮುಚ್ಚಳ ತೆಗೆದು ಮೂಸಿ, ಬಾಯಿಗೆ ಹಾಕಿ ಉಗಿದ.
"ಇದರಲ್ಲಿ ಏನೂ ಇಲ್ಲ. ಏನೂ ಇಲ್ಲದ ನೀರು
ಏನನ್ನ ಹಿಡ್ಕೊಳ್ಳತ್ತೆ?"
ಹಿತ್ತಲ ನಲ್ಲಿ ತಿರುಗಿಸಿದ.
ಸಾವಿರದ ನೂರು ಅಡಿ ಕೆಳಗಿನ ನೀರು, ಅಮ್ಮಿಯ ಬೈಗುಳದ ನೀರು,
ಬೇಳೆ ಬೇಯಿಸದ, ಸೋಪು ನೊರೆಯಾಗದ,
ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟಿಸುವ ನೀರು.
ಪಟಿಕದ ಚೂರು ನಾಲಿಗೆಯ ಮೇಲಿಟ್ಟು ಅಳತೆ ನೋಡಿ
ಉರಿ ಸಣ್ಣಗೆ ಮಾಡಿದ.

ನಾನು ಥರ್ಮಾಮೀಟರ್ ಹಿಡಿದಿದ್ದೆ.
ಅವನು ಆವಿಯ ಮೇಲೆ ಕೆನ್ನೆ ಹಿಡಿದಿದ್ದ.
ಮಗ್ರಿಬ್ ಆಜಾನಿನ ಹೊತ್ತಿಗೆ ಲಡಿ ಮೇಲೆತ್ತಿದ.

ಕೆಂಪು.
ಒಡೆದ ದಾಳಿಂಬೆಯ ಒಳಗಿನ ಕೆಂಪು.
ಹಿಂಡಿದ, ಜಾಲಿಸಿದ, ಮತ್ತೆ ಜಾಲಿಸಿದ.
ನೀರು ನೀರಾಗಿಯೇ ಹರಿಯಿತು ಮೋರಿಗೆ.

ಸುಣ್ಣ, ಎಂದರು ಮರುದಿನ ಮೇಡಂ.
ನೀರಿನ ಸುಣ್ಣವೂ ಪಟಿಕವೂ ಸೇರಿ ಕೆಂಪಿಗೆ ಗಂಟು ಹಾಕಿವೆ.
ನೋಟ್‌ಬುಕ್ಕಿನಲ್ಲಿ ನಾನು ಬರೆದಿದ್ದ
"ನಮ್ಮ ಹಿತ್ತಲ ನಲ್ಲಿ" ಎಂಬುದನ್ನು ಹೊಡೆದುಹಾಕಿ
"ಗಡಸು ನೀರು, ಶಿಡ್ಲಘಟ್ಟ" ಎಂದು ತಿದ್ದಿದರು.

ಲಡಿಗೆ ಎಷ್ಟು ಬೀಳುತ್ತೆ, ಕೇಳಿದ ಅಬ್ಬ.
ಹೇಳಿದೆ. ಡಬ್ಬದ ಪುಡಿಯ ಒಂಬತ್ತು ಪಟ್ಟು.
ಸುಮ್ಮನಾದ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾ
ತಂತಿಯ ಮೇಲೆ ಒಣಗುತ್ತಿದ್ದುದನ್ನು ನೋಡುತ್ತಾ ಕೂತ.

ಶುಕ್ರವಾರ ಜೀವಕೋಶಗಳನ್ನು ಹೊಸ ಬುರುಡೆಗೆ ಬದಲಿಸಬೇಕು.
ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕೇಳಿದ:
"ಹಳದಿ ಬೆಳೆಯಕ್ಕೆ ಬರತ್ತಾ?"