ಮೂರು ದಫ್ತರ, ಒಂದು ಸಾಲು

ಮಂಡಿ ಮೊಹಲ್ಲಾದಲ್ಲಿ ಎರಡನೇ ಮಹಡಿ,
ಕೆಳಗೆ ಮೆಣಸಿನಕಾಯಿ ಗೋಡೌನು.
ಮಧ್ಯಾಹ್ನ ಫ್ಯಾನು ಹಾಕಿದರೆ ಎಲ್ಲರಿಗೂ ಸೀನು.
ನನ್ನ ಕೆಲಸ ಮೂರು ಸಮೀಕ್ಷೆಗಳನ್ನು ಒಂದು ಮಾಡುವುದು.

ಒಂದು, ಹೆರಿಗೆ ಆಸ್ಪತ್ರೆಯ ಹಳೇ ರಿಜಿಸ್ಟರು:
ತೂಕ ಪೌಂಡಿನಲ್ಲಿ, ಮಗುವಿಗೆ ಹೆಸರಿಲ್ಲ,
ಇಂಥವಳ ಹೆಣ್ಣು, ಇಂಥವಳ ಗಂಡು, ಅಷ್ಟೆ.
ಇನ್ನೊಂದು ಪಾಂಡವಪುರದ ಸೀಮೆಯದು;
ಜವರಪ್ಪ ಇಪ್ಪತ್ತಾರು ವರ್ಷ ಸೈಕಲ್ ತುಳಿದು
ಮನೆಮನೆ ಜಗಲಿಯಲ್ಲಿ ಕೂತು ಬರೆದದ್ದು.
ಮೂರನೆಯದು ಮೊನ್ನೆಮೊನ್ನೆಯದು, ಟ್ಯಾಬ್ಲೆಟ್ಟಿನಲ್ಲಿ:
ವಯಸ್ಸಾದವರ ಸಕ್ಕರೆ, ಬಿಪಿ, ಮರೆವು.

ಒಂದರಲ್ಲಿ 'ಬೀಡಿ ಸೇದುತ್ತೀರಾ?'
ಇನ್ನೊಂದರಲ್ಲಿ 'ತಂಬಾಕು, ಯಾವ ರೂಪದಲ್ಲಾದರೂ?'
ಎಲೆಯ ಜೊತೆ ಕಡ್ಡಿಪುಡಿ ಹಾಕುವ ಹೆಂಗಸರೆಲ್ಲ
ಅಲ್ಲಿ ಇಲ್ಲ, ಇಲ್ಲಿ ಹೌದು.
ಒಂದರಲ್ಲಿ ಮುದ್ದೆ ಲೆಕ್ಕ, ಒಂದರಲ್ಲಿ ಗ್ರಾಮು.
ಮುದ್ದೆಗೆಷ್ಟು ಗ್ರಾಮು? ಮೀಟಿಂಗು ಕೂತಿತು.
ಫರ್ಹತ್ ಮೇಡಂ ಹೋಟೆಲಿನಿಂದ ಒಂದು ತರಿಸಿ ತೂಗಿದರು.
ಜವರಪ್ಪ ನಕ್ಕ: 'ಇದಾ? ಇದು ನಿಂಬೇಹಣ್ಣು ಕಣಮ್ಮ.'

ಅವನ ದಫ್ತರದ ಅಂಚಿನಲ್ಲಿ ಪೆನ್ಸಿಲು:
'ತಕ್ಕಡಿ ಅರ್ಧ ಕೇಜಿ ಜಾಸ್ತಿ ತೋರುತ್ತೆ. ರಿಪೇರಿಗೆ ಬರೆದಿದೆ.'
ಎರಡು ವರ್ಷ ಯಾರೂ ಬರಲಿಲ್ಲ.
ನಾನೊಂದು ಸಾಲು ಟೈಪು ಮಾಡಿದೆ,
ಹನ್ನೊಂದು ಊರಿನ ಜನ ಅರ್ಧರ್ಧ ಕೇಜಿ ಇಳಿದರು.
ಸತ್ತವರೂ.

ಒಬ್ಬೊಬ್ಬರಾಗಿ ನೋಡಿದರೆ ಕಾಣದ್ದು
ನಲವತ್ತು ಸಾವಿರ ಜನ ಒಟ್ಟಿಗೆ ನಿಂತರೆ ಕಾಣುತ್ತಂತೆ:
ಸಣ್ಣಗೆ ಹುಟ್ಟಿದವರ ರಕ್ತ ಅರವತ್ತಕ್ಕೆ ಏನು ಹೇಳುತ್ತದೆ ಅನ್ನುವುದು.
ನಿಜವಿರಬೇಕು. ಅದಕ್ಕೇ ಈ ಸಂಬಳ.

ನಿನ್ನೆ ಸಿಕ್ಕಳು.
ನಾಲ್ಕು ಪೌಂಡು ಹನ್ನೊಂದು ಔನ್ಸು, 'ಕೆಂಪಾಜಿಯ ಹೆಣ್ಣು';
ಜವರಪ್ಪನಲ್ಲಿ 'ಚಿಕ್ತಾಯಿ', ಟ್ಯಾಬ್ಲೆಟ್ಟಿನಲ್ಲಿ 'ಚಿಕ್ಕತಾಯಮ್ಮ',
ವಯಸ್ಸು ಅರವತ್ತೆಂಟು, ಅಂದಾಜು.
ಮೂವರೂ ಒಬ್ಬಳೇ, ನೂರಕ್ಕೆ ಎಂಬತ್ತಮೂರು ಪಾಲು,
ಅನ್ನುತ್ತದೆ ಯಂತ್ರ. ಉಳಿದ ಹದಿನೇಳು ನನ್ನ ತಲೆಗೆ.

ಜವರಪ್ಪ ಕೇಳಿದ್ದು: ಹೆತ್ತ ಮಕ್ಕಳು? ಐದು.
ಟ್ಯಾಬ್ಲೆಟ್ಟು ಕೇಳಿದ್ದು: ಇರುವ ಮಕ್ಕಳು? ನಾಲ್ಕು.
ಎರಡೂ ಹೊಂದಬೇಕು, ನಿಯಮ ಅದು.
ಹಾಗಾಗಿ ಹೊಸ ಕಾಲಂ: 'ಮಕ್ಕಳು: ಉಂಟು / ಇಲ್ಲ.'
ಉಂಟು ಅಂದರೆ ಒಂದು.
ಒಂದು ಅಂತ ಹಾಕಿದೆ.

ಆಮೇಲೆ ಸ್ಕ್ಯಾನು ದೊಡ್ಡದು ಮಾಡಿ ಪೆನ್ಸಿಲು ಓದಿದೆ:
'ಒಂದ್ ನಿಲ್ನಿಲ್ಲ ಅಂದ್ಲು. ಎದ್ದು ನೀರು ತಂದುಕೊಟ್ಲು.
ಮುಂದಿನ ಪ್ರಶ್ನೆ ಕೇಳಿಲ್ಲ.'
ಆ ಖಾಲಿ ಜಾಗ ನನ್ನ ಕಡತದಲ್ಲಿ ತೊಂಬತ್ತೊಂಬತ್ತು,
ಉತ್ತರವಿಲ್ಲದ್ದಕ್ಕೆಲ್ಲ ಅದೇ ನಂಬರು,
ಮನೆ ಬೀಗ ಹಾಕಿದ್ದಕ್ಕೂ, ಶಾಯಿ ಚೆಲ್ಲಿದ್ದಕ್ಕೂ.

ಇವತ್ತು ಲೆಕ್ಕ ಕೊಡಲು ಬಂದಿದ್ದ ಜವರಪ್ಪ.
ಮೆಟ್ಟಿಲ ಹತ್ತಿರ ಹಿಡಿದು ಕೇಳಿದೆ,
ಅವತ್ತು ಬಿಟ್ಟದ್ದು ಯಾವ ಪ್ರಶ್ನೆ?
ಅವನಿಗೆ ಅವಳ ನೆನಪಿಲ್ಲ, ನೀರಿನದೂ ಇಲ್ಲ.
ಪ್ರಶ್ನೆಪಟ್ಟಿ ಮಾತ್ರ ಬಾಯಿಪಾಠ. ಬೆರಳು ಮಡಿಸಿ ಎಣಿಸಿದ.
'ಮಕ್ಕಳಾದ ಮೇಲಾ? ಹದಿನಾಲ್ಕನೇದು.
ರಾತ್ರಿ ನಿದ್ದೆ ಚೆನ್ನಾಗಿ ಬತ್ತದಾ.'